ಹಂಡೆಯ ಹಿಂದಿನ ನಾಯಿ

ಬೀದಿಯಿಂದ ಮನೆಗೆ ತಂದ ನಾಯಿ ಮೂಲೆ ಹಿಡಿದು ಕೂತರೆ ಏನು ಮಾಡಬೇಕು? ಕರೆದರೂ ಬಾರದ, ಮುಟ್ಟಿದರೆ ಕಚ್ಚುವ ಜೀವದ ಹೆದರಿಕೆ ಇಳಿಯುವುದು ಹೇಗೆ?

ನಮ್ಮ ಬಚ್ಚಲುಮನೆಗೆ ಗೀಸರ್ ಬಂದು ಹತ್ತು ವರ್ಷ ಕಳೆಯಿತು. ಆದರೂ ಸೌದೆ ಒಲೆಯನ್ನು, ಅದರ ಮೇಲಿನ ತಾಮ್ರದ ಹಂಡೆಯನ್ನು ತೆಗೆಯಲು ಅಮ್ಮ ಬಿಟ್ಟಿಲ್ಲ. ಒಲೆಗೂ ಗೋಡೆಗೂ ನಡುವೆ ಒಂದೂವರೆ ಗೇಣಿನ ಸಂದು ಇದೆ. ಮೇ ತಿಂಗಳ ಎರಡನೇ ವಾರ, ಕಾಪುವಿನ ನಮ್ಮ ಮನೆಗೆ ಬಂದ ನಾಯಿಯನ್ನು ರಿಕ್ಷಾದಿಂದ ಇಳಿಸಿ ಒಳಗೆ ತಂದು ಬಾಗಿಲು ಹಾಕಿದ್ದೇ ತಡ, ಅದು ಮನೆಯಿಡೀ ಒಂದು ಸುತ್ತು ಓಡಿ ಆ ಸಂದಿನೊಳಗೆ ನುಗ್ಗಿತು. ಆಮೇಲೆ ಹನ್ನೊಂದು ದಿನ ಹಗಲು ಹೊತ್ತಿನಲ್ಲಿ ಹೊರಗೆ ಬರಲೇ ಇಲ್ಲ.

ರಾತ್ರಿ ನಾವೆಲ್ಲ ಮಲಗಿದ ಮೇಲೆ ಎದ್ದು ತಟ್ಟೆಯಲ್ಲಿದ್ದುದನ್ನು ತಿನ್ನುತ್ತಿತ್ತು, ಬಚ್ಚಲಿನ ಮೂಲೆಯಲ್ಲಿ ಮೂತ್ರ ಮಾಡುತ್ತಿತ್ತು, ಬೆಳಕು ಹರಿಯುವ ಮೊದಲೇ ಮತ್ತೆ ಒಳಗೆ. ಬೆಳಿಗ್ಗೆ ನಮಗೆ ಸಿಗುತ್ತಿದ್ದದ್ದು ಖಾಲಿ ತಟ್ಟೆ, ನೆಲದ ಮೇಲೆ ಬೂದಿ ಮೆತ್ತಿದ ಹೆಜ್ಜೆಗುರುತು, ಹಂಡೆಯ ಹಿಂದಿನ ಕತ್ತಲೆಯಲ್ಲಿ ಎರಡು ಕಣ್ಣು.

ಕಂದು ಮೈಯ ಹೆಣ್ಣು ನಾಯಿ, ಸುಮಾರು ಒಂದು ವರ್ಷ ಪ್ರಾಯ. ಮಲ್ಪೆ ಬಂದರಿನ ಹತ್ತಿರ ಹಿಂಗಾಲಿಗೆ ಪೆಟ್ಟಾಗಿ ಬಿದ್ದಿದ್ದನ್ನು ನಾಲ್ಕು ಮಂದಿ ಹುಡುಗರು ಎತ್ತಿ ತಂದು ಚಿಕಿತ್ಸೆ ಕೊಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಎಲ್ಲ ಮುಗಿಸಿ ನಮ್ಮ ಕೈಗೆ ಕೊಟ್ಟಿದ್ದರು. "ಸ್ವಲ್ಪ ಹೆದರಿಕೆಯ ಸ್ವಭಾವ, ಬಾಕಿ ಪಾಪದ್ದು" ಎಂದಿದ್ದರು. ಮೊದಲ ವಾರ ಅನ್ನ, ಹಾಲು, ಬಿಸ್ಕೆಟು ಯಾವುದನ್ನೂ ಮೂಸದೆ ಬೇಯಿಸಿದ ಬೂತಾಯಿ ಮೀನೊಂದನ್ನೇ ತಿಂದದ್ದರಿಂದ ಅಮ್ಮ ಅದಕ್ಕೆ ಬೂತಾಯಿ ಎಂದೇ ಹೆಸರಿಟ್ಟರು. ಕರೆಯುವಾಗ ಬೂತಿ.

ಊರವರ ಸಲಹೆಗಳಿಗೇನೂ ಬರವಿರಲಿಲ್ಲ. "ಎರಡು ದಿನ ಉಪವಾಸ ಹಾಕಿ, ತಾನಾಗಿ ಬರ್ತದೆ ಮಾರಾಯ್ರೆ" ಎಂದರು ಒಬ್ಬರು. "ಸಂಕಲೆ ಹಾಕಿ ಅಂಗಳದಲ್ಲಿ ಕಟ್ಟಿ, ಜನ ನೋಡಿ ನೋಡಿ ಅಭ್ಯಾಸ ಆಗ್ತದೆ" ಎಂದರು ಇನ್ನೊಬ್ಬರು. ನಾಲ್ಕನೇ ದಿನ ನನಗೂ ತಾಳ್ಮೆ ತಪ್ಪಿತು. ಸಂದಿನೊಳಗೆ ಕೈ ಹಾಕಿ ಕುತ್ತಿಗೆಯ ಬೆಲ್ಟು ಹಿಡಿದು ಎಳೆದೆ. ಬೂತಿ ಬೊಗಳಲಿಲ್ಲ, ಗುರ್ ಎನ್ನಲೂ ಇಲ್ಲ. ನೇರವಾಗಿ ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿತು.

ತಪ್ಪು ಪೂರ್ತಿ ನನ್ನದೇ. ಅದು ಏಕೆ ತಪ್ಪು ಎಂದು ತಿಳಿಯಲು ಮಾತ್ರ ಮೂರು ತಿಂಗಳು ಹಿಡಿಯಿತು.

ಸುಮ್ಮನಿರುವುದು ಬೇರೆ, ಸಮಾಧಾನ ಬೇರೆ

ಪ್ರತಿ ಪ್ರಾಣಿಯ ಸುತ್ತಲೂ ಕಣ್ಣಿಗೆ ಕಾಣದ ಎರಡು ಗೆರೆಗಳಿವೆ ಎಂದು ತೋರಿಸಿಕೊಟ್ಟವರು ಸ್ವಿಟ್ಜರ್‌ಲೆಂಡಿನ ಪ್ರಾಣಿಶಾಸ್ತ್ರಜ್ಞ, ಜೂರಿಕ್ ಮೃಗಾಲಯದ ನಿರ್ದೇಶಕರಾಗಿದ್ದ ಹೈನಿ ಹೆಡಿಗರ್. ಹೊರಗಿನ ಗೆರೆಯನ್ನು ನಾವು ದಾಟಿದರೆ ಪ್ರಾಣಿ ಓಡುತ್ತದೆ. ಓಡಲು ದಾರಿಯಿಲ್ಲದಾಗ ಒಳಗಿನ ಗೆರೆಯನ್ನೂ ದಾಟಿದರೆ ತಿರುಗಿ ಬೀಳುತ್ತದೆ. ಬೀದಿಯಲ್ಲಿ ಬೂತಿಯ ಬಳಿ ಯಾರಾದರೂ ಹೋದರೆ ಅದು ಹತ್ತು ಮಾರು ಆಚೆ ಓಡಿ ನಿಂತು ನೋಡುತ್ತಿತ್ತು. ಅಲ್ಲಿ ಅದು ಯಾರನ್ನೂ ಕಚ್ಚಬೇಕಾಗಿರಲಿಲ್ಲ. ಮನೆಯೊಳಗೆ ನಾನು ಅದರ ಓಟವನ್ನು ಕಿತ್ತುಕೊಂಡೆ. ಉಳಿದದ್ದು ಹಲ್ಲು ಮಾತ್ರ.

ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ಓದುತ್ತೇವೆ. ತಂದ ನಾಯಿ ಮೂಲೆಯಲ್ಲಿ ಅಲುಗಾಡದೆ ಬಿದ್ದಿದ್ದರೆ, ಎತ್ತಿಕೊಂಡರೂ ಪ್ರತಿಭಟಿಸದಿದ್ದರೆ "ಎಷ್ಟು ಸಾಧು" ಎನ್ನುತ್ತೇವೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಕಟವಾದವು. ಈಗ ಓದಿದರೆ ಸಂಕಟವಾಗುವಂಥ ಪ್ರಯೋಗಗಳು. ತಪ್ಪಿಸಿಕೊಳ್ಳಲಾಗದಂತೆ ಕಟ್ಟಿಹಾಕಿ ವಿದ್ಯುತ್ ಆಘಾತ ಕೊಟ್ಟ ನಾಯಿಗಳನ್ನು ಮುಂದೆ, ತಗ್ಗಿನ ಅಡ್ಡಪಟ್ಟಿ ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೂರರಲ್ಲಿ ಎರಡು ಪಾಲು ನಾಯಿಗಳು ಹಾರಲು ಯತ್ನಿಸಲೇ ಇಲ್ಲ. ಮಲಗಿ ಆಘಾತ ಸಹಿಸಿದವು. ತಾವು ಏನು ಮಾಡಿದರೂ ಪ್ರಯೋಜನವಿಲ್ಲ ಎಂಬುದನ್ನು ಅವು ಕಲಿತಿವೆ ಎಂದು ಅಂದು ವಿವರಿಸಲಾಯಿತು.

ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಹೊಸ ಅಧ್ಯಯನಗಳನ್ನು ಮುಂದಿಟ್ಟುಕೊಂಡು ತಮ್ಮ ಮಾತನ್ನು ತಾವೇ ತಿದ್ದಿದರು. ದೀರ್ಘ ಕಾಲ ಕಷ್ಟಕ್ಕೆ ಸಿಕ್ಕಿದ ಪ್ರಾಣಿ ಕೈಚೆಲ್ಲಿ ಕೂರುವುದು ಕಲಿತದ್ದಲ್ಲ, ಅದು ಸಹಜವಾಗಿಯೇ ಬರುತ್ತದೆ. ಕಲಿಯಬೇಕಾದದ್ದು ಅದರ ವಿರುದ್ಧವಾದ ಪಾಠ: ನಾನು ಮಾಡಿದ್ದಕ್ಕೆ ಫಲವಿದೆ, ಪರಿಸ್ಥಿತಿ ನನ್ನ ಹಿಡಿತದಲ್ಲಿದೆ ಎಂಬುದು.

ಹೆದರಿದ ನಾಯಿಯನ್ನು ಸಾಕುವವರಿಗೆ ಇದಕ್ಕಿಂತ ದೊಡ್ಡ ಸೂತ್ರ ಬೇಕಿಲ್ಲ. ಬೂತಿ ಮುಖ ತಿರುಗಿಸಿದರೆ ನಾನು ಹಿಂದೆ ಸರಿಯಬೇಕು. ಹೀಗೆ ಹತ್ತಾರು ಸಲ ಆದ ಮೇಲೆ ಅದಕ್ಕೆ ಒಂದು ವಿಷಯ ಗೊತ್ತಾಗುತ್ತದೆ: ಇವನಿಗೆ "ಬೇಡ" ಎಂದರೆ ತಿಳಿಯುತ್ತದೆ, ಕಚ್ಚುವವರೆಗೆ ಹೋಗಬೇಕಿಲ್ಲ.

ನಾಯಿಯ "ಬೇಡ" ಬೊಗಳುವಿಕೆಗಿಂತ ಎಷ್ಟೋ ಮೊದಲೇ ಬರುತ್ತದೆ. ಹಸಿವಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ತಲೆ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಕಿವಿ ಹಿಂದಕ್ಕೆ ಅಂಟಿಸುವುದು, ಬಾಲ ಹೊಟ್ಟೆಯಡಿ ಸೇರಿಸುವುದು, ಇದ್ದಕ್ಕಿದ್ದಂತೆ ಮೈ ಗಟ್ಟಿ ಮಾಡಿ ನಿಲ್ಲುವುದು. ನಾಲ್ಕನೇ ದಿನ ನಾನು ಕೈ ಹಾಕುವ ಮೊದಲು ಬೂತಿ ಎರಡು ಸಲ ತುಟಿ ನೆಕ್ಕಿತ್ತು. ನೆನಪಿದೆ, ಆಗ ಅರ್ಥ ಗೊತ್ತಿರಲಿಲ್ಲ. ಗುರ್ ಎಂದ ನಾಯಿಗೆ ಹೊಡೆಯಬಾರದು ಎನ್ನುವುದೂ ಇದಕ್ಕೇ. ಹೊಡೆದರೆ ಹೆದರಿಕೆ ಹಾಗೇ ಉಳಿದು, ಎಚ್ಚರಿಕೆಯ ಸದ್ದು ಮಾತ್ರ ಹೋಗುತ್ತದೆ.

ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ

"ಯಾರೋ ತುಂಬಾ ಹೊಡೆದಿರಬೇಕು ಪಾಪ" ಎಂಬುದು ಹೆದರುವ ನಾಯಿ ಕಂಡಾಗ ನಮ್ಮ ಮೊದಲ ಮಾತು. ಹೊಡೆದಿರಲೂಬಹುದು. ಆದರೆ ಯಾರೂ ಹೊಡೆಯದ ನಾಯಿಯೂ ಹೀಗೆ ಆಗಬಲ್ಲದು.

ಮರಿಗೆ ಮೂರು ವಾರ ತುಂಬಿದಾಗಿನಿಂದ ಸುಮಾರು ಹನ್ನೆರಡು ವಾರದವರೆಗೆ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಕಂಡದ್ದು, ಮೂಸಿದ್ದು, ಕೇಳಿದ್ದು ಲೋಕದ ಸಹಜ ಭಾಗವಾಗಿ ಒಳಗೆ ಸೇರುತ್ತದೆ. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚುತ್ತದೆ. 1961ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಮನುಷ್ಯರ ಬಳಿ ಸರಾಗವಾಗಿ ಬರಲಿಲ್ಲ. ಅವುಗಳಿಗೆ ಯಾರೂ ಕೇಡು ಮಾಡಿರಲಿಲ್ಲ. ಮನುಷ್ಯರ ಪರಿಚಯವೇ ಆಗಿರಲಿಲ್ಲ, ಅಷ್ಟೇ.

ಬೀದಿಯ ಮರಿಗಳ ಬದುಕಿನ ಲೆಕ್ಕ ಇನ್ನೂ ಕಠಿಣ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ವರ್ಷಗಟ್ಟಲೆ ಬೀದಿನಾಯಿಗಳನ್ನೇ ಅಭ್ಯಾಸ ಮಾಡುತ್ತ ಬಂದಿದೆ. 2016ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ಹುಟ್ಟಿದ ಮರಿಗಳಲ್ಲಿ ಏಳು ತಿಂಗಳು ದಾಟಿ ಬದುಕಿದವು ಶೇ 19 ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣ. ಅಂದರೆ ನಮ್ಮ ಕಾಪು ಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಿಂತಿರುವ ದೊಡ್ಡ ನಾಯಿ ಐದರಲ್ಲಿ ಬದುಕುಳಿದ ಒಂದು. ಅದು ಮನುಷ್ಯರಿಗೆ ಹೆದರಿಯೇ ಬದುಕಿರಬಹುದು. ನಾವು ದೋಷ ಎನ್ನುವ ಸ್ವಭಾವವೇ ಅದನ್ನು ಇಲ್ಲಿಯವರೆಗೆ ಕಾದಿರಬಹುದು.

ಅದೇ ಸಂಸ್ಥೆಯ ಇನ್ನೊಂದು ಸಂಶೋಧನೆ ಮನಸ್ಸಿಗೆ ಹಿತ ಕೊಡುವಂಥದ್ದು. ಗುರುತಿಲ್ಲದ ಬೀದಿನಾಯಿಗಳಲ್ಲಿ ಒಂದು ಗುಂಪಿಗೆ ತಿನ್ನಲು ಕೊಟ್ಟು, ಇನ್ನೊಂದು ಗುಂಪಿನ ತಲೆ ನೇವರಿಸಿ ನೋಡಿದರು. ಪದೇ ಪದೇ ಭೇಟಿಯಾದಾಗ ಅಪರಿಚಿತ ಮನುಷ್ಯನನ್ನು ಹೆಚ್ಚು ನಂಬಿದವು ನೇವರಿಸಿಕೊಂಡ ನಾಯಿಗಳು. 2017ರಲ್ಲಿ ಪ್ರಕಟವಾದ ಈ ಅಧ್ಯಯನ "ಅನ್ನ ಹಾಕಿದರೆ ನಾಯಿ ನಮ್ಮದಾಗುತ್ತದೆ" ಎಂಬ ನಮ್ಮ ಸರಳ ನಂಬಿಕೆಯನ್ನು ಸ್ವಲ್ಪ ಅಲುಗಿಸುತ್ತದೆ. ಅನ್ನ ಹತ್ತಿರ ತರುತ್ತದೆ, ಸ್ಪರ್ಶ ಉಳಿಸಿಕೊಳ್ಳುತ್ತದೆ. ಆದರೆ ಆ ಸ್ಪರ್ಶ ನಾಯಿಯೇ ಹತ್ತಿರ ಬಂದ ಮೇಲಿನದ್ದು, ನಾವು ಸಂದಿನೊಳಗೆ ಕೈ ಹಾಕಿ ಮಾಡಿದ್ದಲ್ಲ.

ಕೈ ಮೊದಲೋ, ಮೀನು ಮೊದಲೋ

1924ರಲ್ಲಿ ನ್ಯೂಯಾರ್ಕಿನ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೂರು ವರ್ಷ ತುಂಬದ ಪೀಟರ್ ಎಂಬ ಹುಡುಗನ ಹೆದರಿಕೆಯ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಪೀಟರ್ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಪಂಜರದಲ್ಲಿಟ್ಟು ಕೋಣೆಯ ದೂರದಲ್ಲಿ ತೋರಿಸಿದರು. ಅವನ ಊಟ ನಿಲ್ಲದಷ್ಟು ದೂರದಲ್ಲಿ. ದಿನ ಕಳೆದಂತೆ ಪಂಜರ ಸ್ವಲ್ಪ ಸ್ವಲ್ಪ ಹತ್ತಿರ ಬಂತು. ಕೊನೆಗೆ ಮೊಲ ಅವನ ಬೆರಳು ಮೆಲ್ಲಗೆ ಕಚ್ಚಿದರೂ ಪೀಟರ್ ಸುಮ್ಮನಿದ್ದ. ಇಂದು ನಾಯಿ ತರಬೇತುದಾರರು ಬಳಸುವ ಕ್ರಮದ ಮೂಲ ಇಲ್ಲಿದೆ: ಹೆದರಿಕೆಯ ವಸ್ತುವನ್ನು ಸಹಿಸಬಹುದಾದ ದೂರದಲ್ಲಿಟ್ಟು, ಅದರ ಬೆನ್ನಿಗೇ ಇಷ್ಟದ ವಸ್ತು ಕೊಡುವುದು.

ಇಲ್ಲಿ ಅನುಕ್ರಮ ಮುಖ್ಯ. ಮೊದಲು ಮೀನು ತೋರಿಸಿ, ಅದು ಹತ್ತಿರ ಬಂದಾಗ ಕೈ ಚಾಚಿದರೆ ನಾಯಿ ಕಲಿಯುವುದು "ಮೀನು ಬಂದರೆ ಬೆನ್ನಿಗೆ ಕೈ ಬರುತ್ತದೆ, ಎಚ್ಚರ" ಎಂದು. ಹಾಗಾದರೆ ಮೀನೂ ಕೆಡುತ್ತದೆ. ಕೈ ಮೊದಲು ಕಾಣಬೇಕು, ಆಮೇಲೆ ಮೀನು ಬರಬೇಕು.

ನಾನು ಮಾಡಿದ್ದು ಇಷ್ಟು. ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಏಳು ಗಂಟೆಗೆ ಮತ್ತು ದೀಪ ಹಚ್ಚುವ ಹೊತ್ತಿಗೆ, ಬಚ್ಚಲುಮನೆಯ ಹೊಸ್ತಿಲ ಮೇಲೆ ಬೂತಿಗೆ ಪಕ್ಕ ಕೊಟ್ಟು ಕೂರುತ್ತಿದ್ದೆ. ಮುಖಾಮುಖಿ ಅಲ್ಲ, ಕಣ್ಣಲ್ಲಿ ಕಣ್ಣಿಟ್ಟು ಅಲ್ಲ. ಪೇಪರ್ ಓದುತ್ತ ಹತ್ತು ನಿಮಿಷ. ಅಂಗೈಯನ್ನು ನೆಲದ ಮೇಲೆ ಊರಿ, ಒಂದೆರಡು ಉಸಿರಾದ ಮೇಲೆ ಮುಳ್ಳು ಬಿಡಿಸಿದ ಮೀನಿನ ತುಂಡೊಂದನ್ನು ಸಂದಿನ ಬಾಯಿಗೆ ಎಸೆದು, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಮತ್ತೆ ಕೈ, ಮತ್ತೆ ತುಂಡು. ನಾಲ್ಕೈದು ಸಲ, ಅಷ್ಟಕ್ಕೇ ಎದ್ದು ಹೋಗುವುದು. ಬೂತಿ ಬಂದರೂ ಹೋಗುವುದು, ಬಾರದಿದ್ದರೂ ಹೋಗುವುದು.

ಮೊದಲು ಸ್ಟೀಲ್ ತಟ್ಟೆಯಲ್ಲಿ ಇಡುತ್ತಿದ್ದೆವು. ಸಿಮೆಂಟ್ ನೆಲದ ಮೇಲೆ ಅದು ಟಣ್ ಎಂದಾಗಲೆಲ್ಲ ಹಂಡೆಯ ಹಿಂದೆ ಉಗುರು ಪರಚುವ ಸದ್ದು. ಆರನೇ ದಿನ ಅಮ್ಮ ತಟ್ಟೆ ತೆಗೆದು ಅಡಿಕೆ ಹಾಳೆ ಕತ್ತರಿಸಿ ಇಟ್ಟರು. ಸದ್ದು ನಿಂತಿತು. ಆ ರಾತ್ರಿ ಬೂತಿ ಹಾಳೆಯನ್ನೂ ಅರ್ಧ ತಿಂದಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಮೀನಿನವನ ಸ್ಕೂಟರ್ ಗೇಟಿನ ಹತ್ತಿರ ಪೋಂ ಪೋಂ ಎಂದಿತು. ಸಂದಿನಿಂದ ಮೊದಲು ಬೂದಿ ಮೆತ್ತಿದ ಮೂಗು ಬಂತು, ಆಮೇಲೆ ಒಂದು ಕಿವಿ, ಆಮೇಲೆ ನೆಲಕ್ಕೆ ಅಂಟಿದಂಥ ಮೈ. ಬಚ್ಚಲಿನ ಬಾಗಿಲವರೆಗೆ ಬಂದು ನಿಂತು ಗಾಳಿ ಮೂಸಿತು. ಬಾಲದ ತುದಿ, ತುದಿ ಮಾತ್ರ, ಎರಡು ಸಲ ಆಚೀಚೆ ಆಡಿತು. ಹೆಸರಿಟ್ಟವರು, ಕಾದು ಕೂತವರು ನಾವು. ಬಾಲ ಅಲ್ಲಾಡಿಸಿದ್ದು ಮೀನಿನವನಿಗೆ!

ಜೂನ್ 1ಕ್ಕೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧ ಬಂತು. ಬೂತಾಯಿ ಅಪರೂಪವಾಗಿ, ಬೂತಿ ಬೇಯಿಸಿದ ಮೊಟ್ಟೆಗೂ ಕೋಳಿಗೂ ಒಗ್ಗಿತು. ನಾವು ತಿನ್ನುವ ಸಾರನ್ನೇ ಅನ್ನಕ್ಕೆ ಕಲಸಿ ಹಾಕುವವರು ಒಂದು ಮಾತು ನೆನಪಿಡಬೇಕು: ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷ.

ಜುಲೈ ಕೊನೆಯಲ್ಲಿ ಒಂದು ಸಂಜೆ ನೆಲಕ್ಕೂರಿದ ನನ್ನ ಬೆರಳುಗಳನ್ನು ಬೂತಿ ಮೂಸಿ, ನೆಕ್ಕಿ, ಮೀನು ಬರುವ ಮೊದಲೇ ಗಲ್ಲವನ್ನು ಅಂಗೈ ಬೆನ್ನಿನ ಮೇಲೆ ಇಟ್ಟಿತು. ಗದ್ದದ ಕೆಳಗೆ ಮೂರು ಎಣಿಸುವಷ್ಟು ಹೊತ್ತು ನೇವರಿಸಿ ಕೈ ತೆಗೆದೆ. ಇದು ಕೇಳುವ ಕ್ರಮ. ಕೈ ತೆಗೆದಾಗ ನಾಯಿ ಮತ್ತೆ ಒತ್ತಿ ಬಂದರೆ "ಇನ್ನೂ ಬೇಕು", ಸುಮ್ಮನಿದ್ದರೆ ಅಥವಾ ತಲೆ ತಿರುಗಿಸಿದರೆ "ಇವತ್ತಿಗೆ ಸಾಕು". ಬೂತಿ ತಲೆ ತಿರುಗಿಸಿತು. ಅವತ್ತಿಗೆ ಸಾಕಾಯಿತು.

ಹಿಡಿಸೂಡಿ, ಕೊಡೆ, ಗರ್ನಾಲು

ಒಬ್ಬರನ್ನು ನಂಬಿದ ನಾಯಿ ಎಲ್ಲವನ್ನೂ ನಂಬಿತು ಎಂದಲ್ಲ. ಬೂತಿಯ ಹೆದರಿಕೆಯ ಪಟ್ಟಿ ಮಾಡಿದೆವು. ಅಂಗಳ ಗುಡಿಸುವ ಹಿಡಿಸೂಡಿ, ಪಟ್ಟನೆ ಬಿಚ್ಚಿಕೊಳ್ಳುವ ಕೊಡೆ, ತಲೆ ಮೇಲೆ ಸೌದೆ ಹೊರೆ ಹೊತ್ತು ಬರುವ ಯಾರಾದರೂ, ಹೆಲ್ಮೆಟ್ ಹಾಕಿದ ಮುಖ. ಹಿಡಿಸೂಡಿಯನ್ನು ಬಚ್ಚಲಿನ ಬಾಗಿಲಿಗೆ ಎದುರಾಗಿ ದೂರದ ತೆಂಗಿನ ಬುಡದಲ್ಲಿ ಮಲಗಿಸಿಟ್ಟು ಅದರ ಸುತ್ತ ಮೊಟ್ಟೆ ಚೂರು ಹಾಕಿ ಬಿಟ್ಟೆವು. ವಾರದಲ್ಲಿ ಅದು ಬರೀ ಹಿಡಿಸೂಡಿಯಾಯಿತು. ಕೊಡೆಗೆ ಒಂದು ತಿಂಗಳು ಬೇಕಾಯಿತು. ಹೆಲ್ಮೆಟ್ ಇನ್ನೂ ಪಟ್ಟಿಯಲ್ಲಿದೆ.

ಸದ್ದು ಮಾತ್ರ ನಮ್ಮ ಕೈಯಲ್ಲಿಲ್ಲ. ಕರಾವಳಿಯ ಕ್ಯಾಲೆಂಡರ್ ಸದ್ದಿನದ್ದೇ. ಅಷ್ಟಮಿ, ನವರಾತ್ರಿಗೆ ಮನೆ ಮನೆಗೆ ಬರುವ ಹುಲಿವೇಷದ ತಾಸೆ, ದೀಪಾವಳಿಯ ಪಟಾಕಿ, ನೇಮ ಕೋಲಗಳ ಗರ್ನಾಲು, ಮಳೆಗಾಲ ಹಿಂದಿರುಗುವಾಗಿನ ಸಂಜೆಯ ಗುಡುಗು. ಈ ಹೊತ್ತುಗಳಲ್ಲಿ ನಾಯಿಯನ್ನು ಹೊರಗೆ ಕಟ್ಟಬಾರದು. ಹೆದರಿ ಸಂಕಲೆ ಕಿತ್ತು ಓಡಿದ ನಾಯಿ ಹೆದ್ದಾರಿಗೇ ಹೋಗುತ್ತದೆ. ಒಳಗಿನ ಕೋಣೆ, ಮುಚ್ಚಿದ ಕಿಟಕಿ, ತಿರುಗುವ ಫ್ಯಾನು ಅಥವಾ ರೇಡಿಯೊ, ಅಡಗಲು ಒಂದು ಜಾಗ ಇಷ್ಟು ಸಾಕು. "ಹೆದರಿದಾಗ ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ" ಎಂಬ ಮಾತಿಗೆ ಆಧಾರವಿಲ್ಲ. ಅದಾಗಿ ಬಂದು ಒರಗಿದರೆ ಒರಗಲಿ. ಗುಡುಗಿಗೆ ನಡುಗಿ ಏದುಸಿರು ಬಿಡುವ ನಾಯಿಗೆ ಪಶುವೈದ್ಯರು ಕೊಡಬಹುದಾದ ಔಷಧಗಳಿವೆ. ನಮ್ಮ ಡಬ್ಬಿಯ ಮಾತ್ರೆಯನ್ನು ಮಾತ್ರ ಕೊಡಬಾರದು. ಪ್ಯಾರಸಿಟಮಾಲ್ ಕೂಡ ನಾಯಿಗೆ ಅಪಾಯಕಾರಿ.

ಕಾರ್ಕಳ, ಹೆಬ್ರಿಯಂಥ ಘಟ್ಟದ ಬುಡದ ಊರುಗಳಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಅಲ್ಲಿಯವರಿಗೆ ಹೇಳಿಕೊಡಬೇಕಿಲ್ಲ, ಹೊಸದಾಗಿ ಮನೆ ಕಟ್ಟಿ ಹೋದವರಿಗೆ ಹೇಳಬೇಕು.

ಕಾನೂನಿನ ಮಾತು

ಬೀದಿನಾಯಿಯನ್ನು ಮನೆಗೆ ತರುವುದು ಈಗ ಬರೀ ಮನಸ್ಸಿನ ವಿಷಯವಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಚಿಕಿತ್ಸೆ ಮುಗಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ ಎಂದೂ ಹೇಳಿತು. ಅದೇ ವರ್ಷ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ತೆಗೆದು ಆಶ್ರಯಧಾಮಕ್ಕೆ ಸಾಗಿಸಬೇಕು, ಅಲ್ಲಿಗೆ ಮರಳಿ ಬಿಡಬಾರದು ಎಂದಿತು. ಕಾಲೇಜು, ಆಸ್ಪತ್ರೆಗಳೇ ಊರಾಗಿರುವ ಮಣಿಪಾಲದಂಥ ಕಡೆ ಇದರ ಅರ್ಥ ದೊಡ್ಡದು. ಒಂದೊಂದು ನಾಯಿಗೂ ಒಂದೊಂದು ಮನೆ ಸಿಕ್ಕರೆ ಆಶ್ರಯಧಾಮದ ಕಂಬಿಯ ಹಿಂದೆ ಅಷ್ಟು ಜಾಗ ಉಳಿಯುತ್ತದೆ.

ತಂದು ಸಾಕಾದ ಮೇಲೆ ಬಿಟ್ಟು ಬರುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕ್ರೌರ್ಯವೆಂದೇ ಎಣಿಸುತ್ತದೆ. ಹಾಸ್ಟೆಲ್, ಬಾಡಿಗೆ ಫ್ಲ್ಯಾಟಿನಲ್ಲಿರುವ ವಿದ್ಯಾರ್ಥಿಗಳು ಮರಿ ತರುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಕೋರ್ಸ್ ಮುಗಿದ ಮರುದಿನ ಇದು ಎಲ್ಲಿರುತ್ತದೆ?

ಇನ್ನೊಂದು ಎಚ್ಚರಿಕೆ. ಯುರೋಪು, ಅಮೆರಿಕದಲ್ಲಿ ಫೆರೆಟ್ ಎಂಬ ಉದ್ದ ಮೈಯ ಪುಟ್ಟ ಪ್ರಾಣಿಯನ್ನು ಸಾಕುತ್ತಾರೆ, ಅನಾಥವಾದದ್ದನ್ನು ದತ್ತು ಪಡೆಯುತ್ತಾರೆ. ಅದರ ವಿಡಿಯೊ ನೋಡಿ ನಮ್ಮವರಿಗೆ ಮುಂಗುಸಿ ನೆನಪಾಗುತ್ತದೆ. ಫೆರೆಟ್ ಎರಡು ಸಾವಿರ ವರ್ಷಗಳಿಂದ ಮನುಷ್ಯರೊಂದಿಗೆ ಬಾಳಿ ಬಂದ ಸಾಕುಪ್ರಾಣಿ. ಮುಂಗುಸಿ ಅದರ ಕುಲವೂ ಅಲ್ಲ, ಸಾಕುಪ್ರಾಣಿಯೂ ಅಲ್ಲ. ಹಂಚಿನ ಮನೆಯ ಅಟ್ಟದಲ್ಲಿ ಸಿಗುವ ಪುನುಗು ಬೆಕ್ಕಿನ ಮರಿಯೂ ಹಾಗೆಯೇ. ಮುಂಗುಸಿ, ಪುನುಗು ಬೆಕ್ಕು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುವ ಜೀವಿಗಳು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮರಿ ಕಂಡರೆ ದೂರ ನಿಂತು ತಾಯಿಗೆ ಮರಳಲು ಹೊತ್ತು ಕೊಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವುಗಳ ಹೆದರಿಕೆಯನ್ನು ಕಳೆಯಬಾರದು, ಕಾಡಿನಲ್ಲಿ ಅವಕ್ಕೆ ಅದು ಬೇಕು.

ಕಚ್ಚಿದರೆ

ನನ್ನ ಹೆಬ್ಬೆರಳಿನ ಕಥೆಗೆ ಬರುತ್ತೇನೆ. ಬೂತಿಗೆ ಲಸಿಕೆ ಆಗಿತ್ತು, ಕಾರ್ಡೂ ಇತ್ತು. ಆದರೂ ಅಮ್ಮ ಬಿಡಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ಸಾಬೂನು ಹಾಕಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆಸಿದರು. ರೇಬಿಸ್ ವೈರಾಣುವನ್ನು ಗಾಯದಲ್ಲೇ ಕಡಿಮೆ ಮಾಡಲು ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ಇಲ್ಲ. ಅರಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಚುಚ್ಚುಮದ್ದು. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಲಸಿಕೆ ಸರಿಯಾಗಿ ಪಡೆದವರು ಸಾಯುವುದು ಅಷ್ಟೇ ಅಪರೂಪ.

ತರುವ ಮೊದಲು

ಹತ್ತಿರದ ಪಶು ಆಸ್ಪತ್ರೆಯಲ್ಲಿ ಜಂತುಹುಳು, ಉಣ್ಣಿ, ಲಸಿಕೆಯ ವಿಚಾರ ಮೊದಲೇ ಕೇಳಿಕೊಳ್ಳಿ. ಮರಿಯಾದರೆ ಪಾರ್ವೋ ರೋಗದ ಲಸಿಕೆ ಆರರಿಂದ ಎಂಟು ವಾರದ ನಡುವೆ, ರೇಬಿಸ್ ಲಸಿಕೆ ಮೂರು ತಿಂಗಳಿಗೆ.

ಮೊದಲ ವಾರಗಳಲ್ಲಿ ನಾಯಿ ತಪ್ಪಿಸಿಕೊಳ್ಳುವ ಅಪಾಯವೇ ದೊಡ್ಡದು. ಹೊರಗೆ ಒಯ್ಯುವಾಗ ಕುತ್ತಿಗೆಯ ಬೆಲ್ಟಿಗೆ ಒಂದು, ಎದೆಗೆ ಹಾಕುವ ಹಾರ್ನೆಸ್‌ಗೆ ಒಂದು, ಹೀಗೆ ಎರಡು ಹಗ್ಗವಿರಲಿ. ಬೆಲ್ಟಿಗೆ ಫೋನ್ ನಂಬರಿನ ಬಿಲ್ಲೆ ಕಟ್ಟಿ. ಗೇಟು ಹಾಕಿದ್ದೀರೋ ಎಂದು ಎರಡು ಸಲ ನೋಡಿ.

ನೆಂಟರನ್ನು ಕರೆದು ತೋರಿಸುವ ಉಮೇದು ಬೇಡ. ಮಕ್ಕಳಿಗೆ ಒಂದೇ ನಿಯಮ: ನಾಯಿ ತಿನ್ನುವಾಗ, ಮಲಗಿದಾಗ, ತನ್ನ ಮೂಲೆಯಲ್ಲಿದ್ದಾಗ ಅದರ ಬಳಿ ಹೋಗುವಂತಿಲ್ಲ.

ಹೊಂದಿಕೊಳ್ಳಲು ಮೂರು ದಿನ, ದಿನಚರಿ ಕಲಿಯಲು ಮೂರು ವಾರ, ಮನೆಯೆಂದು ಅನ್ನಿಸಲು ಮೂರು ತಿಂಗಳು ಎಂದು ನಾಯಿ ರಕ್ಷಿಸುವವರ ಬಾಯಲ್ಲಿ ಒಂದು ಲೆಕ್ಕವಿದೆ. ಅದು ಅನುಭವದ ಮಾತು, ಪಂಚಾಂಗವಲ್ಲ. ಕೆಲವಕ್ಕೆ ಒಂದು ವರ್ಷ ಬೇಕು. ಕೆಲವು ಕೊನೆಯವರೆಗೂ ಅಪರಿಚಿತರ ಮಡಿಲಿಗೆ ಬರುವುದಿಲ್ಲ. ಬಾರದಿದ್ದರೂ ಅವು ಸೋತ ನಾಯಿಗಳಲ್ಲ.

ಕಷ್ಟದ ಬದುಕಿಗೆ ನಾವು "ನಾಯಿಪಾಡು" ಎನ್ನುತ್ತೇವೆ. ಆದರೆ ಕನ್ನಡ ನಾಡಿನಲ್ಲಿಯೇ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹತ್ತನೆಯ ಶತಮಾನದ ನಡುವೆ ಒಂದು ನಾಯಿಗೆ ಕಲ್ಲು ನೆಟ್ಟರು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಂದಿಗೆ ಕಾದಾಡಿ ಹಂದಿಯೊಂದಿಗೇ ಸತ್ತಿತು. ಶಾಸನದಲ್ಲಿ ಅದರ ಹೆಸರು ಉಳಿಯಿತು. ಬೂತಿ ಅಂಥ ವೀರ ನಾಯಿಯಲ್ಲ. ಮೊನ್ನೆ ಒಂದು ಹೇಂಟೆ ಓಡಿಸಿಕೊಂಡು ಬಂದಾಗ ಅಮ್ಮನ ಸೀರೆಯ ಹಿಂದೆ ಅಡಗಿತು.

ಈಗಲೂ ಗುಡುಗಿದರೆ ಅದು ನನ್ನ ಬಳಿ ಬರುವುದಿಲ್ಲ. ನೇರವಾಗಿ ಹಂಡೆಯ ಹಿಂದೆ ಹೋಗುತ್ತದೆ. ಬಚ್ಚಲಿನ ಬಾಗಿಲು ತೆರೆದಿಟ್ಟು ನಾವು ನಮ್ಮ ಕೆಲಸ ಮಾಡುತ್ತೇವೆ. ಗುಡುಗು ನಿಂತ ಮೇಲೆ ಬೂದಿಯ ಹೆಜ್ಜೆ ಹಾಕುತ್ತ ಚಾವಡಿಗೆ ಬರುತ್ತದೆ.

ನಾಯಿ ತರಬೇಕೆಂದಿದ್ದರೆ ಮೊದಲು ಮನೆಯಲ್ಲಿ ಒಂದು ಮೂಲೆ ಖಾಲಿ ಮಾಡಿ. ಆ ಮೂಲೆಗೆ ಯಾರೂ ಕೈ ಹಾಕುವುದಿಲ್ಲ ಎಂದು ಮನೆಯವರೆಲ್ಲ ಒಪ್ಪಲಿ. ಆಮೇಲೆ ನಾಯಿ ತನ್ನಿ.